ಕಾರಿನ ಎಸಿ ಗ್ಯಾಸ್: ಮುಂಬೈಯಲ್ಲಿ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಎಸಿ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಕುರ್ಲಾದ ಒಂದು ಗ್ಯಾರೇಜಿನಲ್ಲಿ ಕಲಿತೆ. ಈಗ ಘಾಟ್ಕೋಪರಿನಲ್ಲಿ ನನ್ನದೇ ಒಂದು ಗಾಳಾ ಇದೆ, ಅಂದರೆ ಶಟರ್ ಇರುವ ಉದ್ದನೆಯ ಕೋಣೆ. ಬರುವವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಹೋಟೆಲಿನವರು ಬರುತ್ತಾರೆ. ಟೂರಿಸ್ಟ್ ಗಾಡಿ ಓಡಿಸುವ ವಿಜಯಪುರ, ಕಲಬುರಗಿ ಕಡೆಯವರು ಬರುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೊರಡುವ ಉಡುಪಿ, ಕುಂದಾಪುರದ ಸಂಸಾರಗಳು ಬರುತ್ತವೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಗಾಡಿ ಸಾಲುಗಟ್ಟಿ ನಿಂತಾಗ ಎಲ್ಲರಿಗೂ ಸಮಾಧಾನವಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಗಾಡಿ ಇಟ್ಟವರೂ ಓದಲಿ, ಕೆಲಸ ಕಲಿಯುತ್ತಿರುವ ಹುಡುಗರೂ ಓದಲಿ.

ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸಬೇಕಾ?

ಬೇಡ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಕಳಿಸುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ತೂತು ದಾಟಿ, ಡ್ಯಾಶ್‌ಬೋರ್ಡ್ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ಕಾರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ನಾವು ತಂಪು ಅನ್ನುವುದು ಇದನ್ನೇ.

ರಬ್ಬರ್ ಪೈಪುಗಳ ಮೂಲಕ ವರ್ಷ ವರ್ಷವೂ ಒಂದಿಷ್ಟು ಗ್ಯಾಸ್ ಹೋಗುತ್ತದೆ, ನಿಜ. ಐದಾರು ವರ್ಷದ ಗಾಡಿಯಲ್ಲಿ ಸ್ವಲ್ಪ ಕಡಿಮೆಯಾಗಿದ್ದರೆ ಆಶ್ಚರ್ಯ ಇಲ್ಲ. ಆದರೆ ಹೋದ ವರ್ಷ ತುಂಬಿಸಿದ್ದು ಈ ವರ್ಷ ಖಾಲಿ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ಹಾಕುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಗೆ ಹೋಗುತ್ತಿರುತ್ತದೆ. ಎಣ್ಣೆ ಕಡಿಮೆಯಾದ ಕಂಪ್ರೆಸರ್ ಒಂದು ದಿನ ಜಾಮ್ ಆಗುತ್ತದೆ. ಆಗ ಬರುವ ಬಿಲ್ಲು ನಾಲ್ಕು ಸಲದ ಗ್ಯಾಸ್ ದುಡ್ಡಿಗಿಂತ ಎಷ್ಟೋ ಜಾಸ್ತಿ.

ಮುಂಬೈಯಲ್ಲಿ ಲೀಕಿಗೆ ಕಾರಣಗಳೂ ಜಾಸ್ತಿ. ಸಮುದ್ರದ ಉಪ್ಪು ಗಾಳಿ ಅಲ್ಯೂಮಿನಿಯಂ ಕಂಡೆನ್ಸರನ್ನು ತಿನ್ನುತ್ತದೆ. ವರ್ಲಿ, ಬಾಂದ್ರಾ ಕಡೆ ದಂಡೆಯ ಹತ್ತಿರ ನಿಲ್ಲುವ ಗಾಡಿಗಳ ಕಂಡೆನ್ಸರಿನಲ್ಲಿ ಬಿಳಿ ಪುಡಿ ಕೂತಿರುವುದನ್ನು ನೀವೇ ನೋಡಬಹುದು. ಪುಣೆ ಹೈವೇಯಲ್ಲಿ ಮುಂದಿನ ಲಾರಿಯಿಂದ ಹಾರಿದ ಕಲ್ಲು ಸಾಕು, ಅದೇ ಕಂಡೆನ್ಸರಿಗೆ ಸೂಜಿಮೊನೆಯಷ್ಟು ತೂತು ಬೀಳಲು.

ತಂಪು ಬರುತ್ತಿಲ್ಲ. ಗ್ಯಾಸ್ ಖಾಲಿ ಅಂತಲೇ ಅರ್ಥವಾ?

ಅಲ್ಲ. ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಸಾಮಾನ್ಯವಾಗಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ. ಧೂಳು ತುಂಬಿ ಕಂಬಳಿಯ ಹಾಗಾಗಿದ್ದರೆ ಗಾಳಿಯೇ ಬರುವುದಿಲ್ಲ. ಆಮೇಲೆ ಎಸಿ ಹಾಕಿದಾಗ ಕಂಡೆನ್ಸರ್ ಫ್ಯಾನ್ ತಿರುಗುತ್ತದೆಯಾ, ಕಂಪ್ರೆಸರ್ ಕ್ಲಚ್ ಹಿಡಿಯುತ್ತದೆಯಾ, ಬೆಲ್ಟ್ ಸಡಿಲವಾಗಿದೆಯಾ ನೋಡಬೇಕು. ಓಡುವಾಗ ತಂಪು, ಸಿಗ್ನಲಿನಲ್ಲಿ ನಿಂತಾಗ ಬಿಸಿ ಗಾಳಿ ಬಂದರೆ ನನ್ನ ಮೊದಲ ಅನುಮಾನ ಫ್ಯಾನಿನ ಮೇಲೆ. ಇವೆಲ್ಲ ಗ್ಯಾಸಿನ ಪೈಪು ಬಿಚ್ಚದೆ ನೋಡಬಹುದಾದ ಕೆಲಸ. ಬಿಚ್ಚದೆ ಆಗುವುದನ್ನು ಮೊದಲು ಮುಗಿಸುವುದೇ ಕ್ಷೇಮ.

ಒಂದು ಮಾತು. ಬಾನೆಟ್ ತೆಗೆದು ನೋಡುವಾಗ ಕೈಯನ್ನು ಫ್ಯಾನ್ ಹತ್ತಿರ ಒಯ್ಯಬೇಡಿ. ಇಂಜಿನ್ ಬಂದ್ ಇದ್ದರೂ ಎಷ್ಟೋ ಗಾಡಿಗಳಲ್ಲಿ ಅದು ತಾನಾಗಿ ತಿರುಗುತ್ತದೆ. ದುಪಟ್ಟಾ, ಸಡಿಲ ತೋಳು, ಕೈಬಳೆ, ಚೈನು ಯಾವುದೂ ಅಲ್ಲಿ ನೇತಾಡಬಾರದು.

ನನ್ನ ಗಾಡಿಯಲ್ಲಿ ಯಾವ ಗ್ಯಾಸ್ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಬಾನೆಟ್ ತೆಗೆಯಿರಿ. ಒಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಯಾವ ಎಣ್ಣೆ ಎಂದು ಬರೆದಿರುತ್ತದೆ. ನಮ್ಮ ರಸ್ತೆಯಲ್ಲಿರುವ ಬಹುಪಾಲು ಕಾರುಗಳಲ್ಲಿ ಇರುವುದು ಆರ್-134ಎ. ಬಹಳ ಹಳೆಯ ಗಾಡಿಗಳಲ್ಲಿ ಆರ್-12 ಇತ್ತು. ಓಜೋನ್ ಪದರ ಹಾಳುಮಾಡುವ ಗ್ಯಾಸ್ ಅದು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತ ಹಂತವಾಗಿ ನಿಂತುಹೋಯಿತು. ಕೆಲವು ಹೊಸ ಗಾಡಿಗಳಲ್ಲಿ ಆರ್-1234ವೈಎಫ್ ಬಂದಿದೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ 134ಎ ಹಾಕುವಂತೆಯೇ ಇಲ್ಲ.

1234ವೈಎಫ್ ಮೆಲ್ಲಗೆ ಬೆಂಕಿ ಹಿಡಿಯುವ ಜಾತಿಯದು. ಅದಕ್ಕೆ ಬೇರೆ ಕಪ್ಲರ್ (ಮಷೀನಿನ ಪೈಪನ್ನು ಗಾಡಿಯ ಎಸಿ ಪೈಪಿಗೆ ಹಚ್ಚುವ ಜೋಡಣೆ), ಬೇರೆ ಮಷೀನು ಬೇಕು. 134ಎ ಅಗ್ಗ ಅಂತ 1234ವೈಎಫ್ ಜಾಗದಲ್ಲಿ 134ಎ ತುಂಬಿಸಬೇಡಿ. ಎರಡು ಗ್ಯಾಸ್ ಬೆರೆತರೆ ಒತ್ತಡ ತೋರಿಸುವ ಗೇಜಿನ ಲೆಕ್ಕವೇ ತಪ್ಪುತ್ತದೆ, ಮುಂದೆ ಕೆಲಸ ಮಾಡುವವನ ಮಷೀನೂ ಕೆಡುತ್ತದೆ.

ಮಾಟುಂಗಾದ ಹಿರಿಯರೊಬ್ಬರು ತಂದೆಯ ಕಾಲದ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದಾರೆ. "ಆರ್-12 ಇದ್ದ ಗಾಡಿಗೆ ಸುಮ್ನೆ 134ಎ ಹಾಕಿಬಿಡಿ" ಅಂದರು. ಹಾಗೆ ಆಗುವುದಿಲ್ಲ. ಹಳೆಯ ಮಿನರಲ್ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆತು ತಿರುಗುವುದಿಲ್ಲ, ಕಂಪ್ರೆಸರ್ ಒಣಗಿಹೋಗುತ್ತದೆ. ಎಣ್ಣೆ ತೆಗೆದು, ಡ್ರೈಯರ್ (ತೇವ ಹೀರುವ ಡಬ್ಬಿ), ಓ-ರಿಂಗು (ಜಾಯಿಂಟಿನ ರಬ್ಬರ್ ಬಳೆ), ಫಿಟ್ಟಿಂಗು ಎಲ್ಲ ಬದಲಿಸಬೇಕು. ಅವರ ಗಾಡಿಗೆ ಹಾಗೇ ಮಾಡಿದೆವು.

ಗ್ಯಾಸ್ ಮೈಮೇಲೆ ಬಿದ್ದರೆ ಏನಾಗುತ್ತದೆ?

ಇದನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ಆಗ ನನಗೆ ಹತ್ತೊಂಬತ್ತು. ಗಿರಾಕಿ ತಲೆಯ ಮೇಲೆ ನಿಂತಿದ್ದರು, ಉಸ್ತಾದ್ "ಜಲ್ದಿ ಕರ್" ಎಂದು ಕೂಗುತ್ತಿದ್ದರು. ಇಂಜಿನ್ ಆಗಷ್ಟೇ ಬಂದ್ ಆಗಿತ್ತು. ಹೈ ಸೈಡಿನ, ಅಂದರೆ ಜಾಸ್ತಿ ಒತ್ತಡ ಇರುವ ಬದಿಯ ಕಪ್ಲರನ್ನು ಬರಿಗೈಯಲ್ಲಿ ಎಳೆದೆ. ದ್ರವ ಗ್ಯಾಸ್ ಎಡಗೈಯ ಹೆಬ್ಬೆರಳು, ತೋರುಬೆರಳಿನ ಮೇಲೆ ಚಿಮ್ಮಿತು. ನೋವೇ ಆಗಲಿಲ್ಲ. ಬೆರಳು ಮೇಣದ ಬತ್ತಿಯ ಹಾಗೆ ಬೆಳ್ಳಗಾಯಿತು, ಮುಟ್ಟಿದರೆ ಮರದ ತುಂಡಿನ ಹಾಗೆ ಗಟ್ಟಿ. ಪಕ್ಕದವನು ಬಿಸಿ ಇಂಜಿನ್ ಮೇಲೆ ಹಿಡಿ ಅಂದ. ಇನ್ನೊಬ್ಬ ಬಟ್ಟೆಯಿಂದ ಜೋರಾಗಿ ಉಜ್ಜಿದ. ಎರಡೂ ತಪ್ಪು. ಅರ್ಧ ಗಂಟೆಯ ಮೇಲೆ ನೋವು ಶುರುವಾಯಿತು, ರಾತ್ರಿ ಗುಳ್ಳೆ ಎದ್ದವು. ಆ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.

ಕಾರಣ ಇಷ್ಟೇ. 134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಪೈಪಿನೊಳಗಿನ ಒತ್ತಡದಿಂದಾಗಿ ಮಾತ್ರ ಅದು ದ್ರವವಾಗಿರುತ್ತದೆ. ಹೊರಗೆ ಬಂದ ಕ್ಷಣ ಕುದಿದು ಆವಿಯಾಗುತ್ತದೆ, ಬೇಕಾದ ಬಿಸಿಯನ್ನು ನಿಮ್ಮ ಚರ್ಮದಿಂದಲೇ ಕಿತ್ತುಕೊಳ್ಳುತ್ತದೆ.

ಹೀಗೆ ಬಿದ್ದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಉಂಗುರ, ವಾಚು ಇದ್ದರೆ ಬಿಚ್ಚಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ, ನೀರು ಹಾಕಿ ಸಡಿಲಿಸಿ. ಗುಳ್ಳೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ಶುದ್ಧ ನೀರು ಬಿಡಿ, ಅಲ್ಲಿಂದ ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ. ಕಣ್ಣು ನೋಯುತ್ತಿಲ್ಲ ಅಂತ ಮನೆಗೆ ಹೋಗಬೇಡಿ.

ನನ್ನ ಗಾಳಾದಲ್ಲಿ ಸುತ್ತಲೂ ಮುಚ್ಚುವ ಕನ್ನಡಕ ಇಲ್ಲದೆ ಯಾರೂ ಕಪ್ಲರ್ ಮುಟ್ಟುವಂತಿಲ್ಲ. ಕೈಗವಸೂ ಬೇಕು, ಆದರೆ ಹತ್ತಿಯದು ಬೇಡ. ಹತ್ತಿ ದ್ರವವನ್ನು ಹೀರಿ ಬೆರಳಿಗೇ ಅಂಟಿಸಿಡುತ್ತದೆ.

ವಾಸನೆ ಇಲ್ಲ, ಬಣ್ಣ ಇಲ್ಲ. ಉಸಿರಾಡಿದರೆ ಅಪಾಯ ಉಂಟಾ?

ಉಂಟು. ವಾಸನೆ ಗೊತ್ತಾಗದೆ ಇರುವುದೇ ಅಪಾಯ. 134ಎ ಆವಿ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ನೆಲದ ಮೇಲೆ ನೀರಿನ ಹಾಗೆ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಗಾಡಿಯ ಕೆಳಗೆ ಕೆಲಸ ಮಾಡುವ ಗುಂಡಿಯಲ್ಲಿ ಹುಡುಗನಿದ್ದರೆ ಅವನಿಗೆ ಉಸಿರಾಡಲು ಗಾಳಿಯೇ ಸಿಗುವುದಿಲ್ಲ. ಹಾಗಾಗಿ ಗುಂಡಿಯ ಮೇಲೆ ನಿಲ್ಲಿಸಿ ಎಸಿ ಪೈಪು ಬಿಚ್ಚಬಾರದು. ಮುಂಬೈ ಮಳೆಯಲ್ಲಿ ಶಟರ್ ಎಳೆದು ಕೆಲಸ ಮಾಡುವ ರೂಢಿ ಇದೆಯಲ್ಲ, ಅದನ್ನೂ ಬಿಡಿ. ನೀರು ಒಳಗೆ ಬಂದರೂ ಪರವಾಗಿಲ್ಲ, ಶಟರ್ ಅರ್ಧ ಮೇಲೆ ಇರಲಿ, ಒಂದು ಫ್ಯಾನ್ ನೆಲದ ಮಟ್ಟದಲ್ಲಿ ಓಡುತ್ತಿರಲಿ.

ಯಾರಿಗಾದರೂ ತಲೆ ತಿರುಗಿದರೆ ಹೊರಗೆ ಕರೆತಂದು ಕೂರಿಸಿ. ನಡೆಸಬೇಡಿ, ಓಡಿಸಬೇಡಿ. ಓಡಿದಾಗ, ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಆಗ ಈ ಗ್ಯಾಸ್ ತುಂಬಾ ಉಸಿರಾಡಿದವರ ಎದೆಬಡಿತ ತಪ್ಪುವ ಸಾಧ್ಯತೆ ಇದೆ. ಆಸ್ಪತ್ರೆಯಲ್ಲಿ ಮೊದಲು ಯಾವ ಗ್ಯಾಸ್ ಎಂದು ಡಾಕ್ಟರಿಗೆ ಹೇಳಿ. ಗುಂಡಿಯೊಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯಬಾರದು. ಮೊದಲು ಗಾಳಿ ಬಿಡಿ, ಮೇಲಿನಿಂದ ಎಳೆಯಲು ನೋಡಿ.

ಬೀಡಿ, ಸಿಗರೇಟು, ವೆಲ್ಡಿಂಗ್, ಗ್ಯಾಸ್ ಟಾರ್ಚ್ ಹತ್ತಿರವೇ ಇರಬಾರದು. 134ಎ ಸುಮ್ಮನೆ ಕಡ್ಡಿ ಗೀಚಿದರೆ ಹೊತ್ತಿಕೊಳ್ಳುವುದಿಲ್ಲ. ಆದರೆ ಬೆಂಕಿಯ ಮೇಲೆ ಹಾದರೆ ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದು ಶ್ವಾಸಕೋಶವನ್ನೇ ಸುಡುತ್ತದೆ. ಆರ್-12 ಕಾಲದಲ್ಲಿ ಒಂದು ದೀಪ ಹಚ್ಚಿ, ಅದರ ಬೆಂಕಿಯ ಬಣ್ಣ ನೋಡಿ ಲೀಕ್ ಹುಡುಕುತ್ತಿದ್ದರು. ಹಾಗೆ ಸುಟ್ಟ ಆರ್-12 ಫಾಸ್ಜೀನ್ ಎಂಬ ವಿಷ ಗ್ಯಾಸನ್ನು ಕೊಡುತ್ತದೆ. ಎಷ್ಟೋ ಹಿರಿಯ ಮೆಕ್ಯಾನಿಕ್‌ಗಳು ಗೊತ್ತಿಲ್ಲದೆ ಅದನ್ನು ಉಸಿರಾಡಿದ್ದಾರೆ. ಆ ದೀಪ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಮುಟ್ಟಬೇಡಿ.

ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟರೆ ಏನು ತೊಂದರೆ? ಎಲ್ಲರೂ ಹಾಗೇ ಮಾಡುತ್ತಾರಲ್ಲ?

ಮಾಡುತ್ತಾರೆ. ನಾನೂ ಮಾಡಿದ್ದೇನೆ, ಬಹಳ ವರ್ಷ. "ಫುಸ್" ಅಂದು ಎರಡು ನಿಮಿಷದಲ್ಲಿ ಖಾಲಿ. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಒಂದು ಕಿಲೋ 134ಎ ನೂರು ವರ್ಷದ ಲೆಕ್ಕದಲ್ಲಿ 1430 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸಣ್ಣ ಕಾರಿನಲ್ಲಿ 400 ಗ್ರಾಂ ಇದೆ ಅನ್ನಿ. ಅಂದರೆ 572 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಹಾಗಾದರೆ ಆ ಎರಡು ನಿಮಿಷದ ಫುಸ್ ಅಂದರೆ ಸುಮಾರು 250 ಲೀಟರ್ ಪೆಟ್ರೋಲ್. ಲೀಟರಿಗೆ 15 ಕಿಲೋಮೀಟರ್ ಹಿಡಿದರೂ ಮುಂಬೈಯಿಂದ ಉಡುಪಿಗೆ ಎರಡು ಸಲ ಹೋಗಿ ಬಂದಷ್ಟು. ಆ ಲೆಕ್ಕ ಮಾಡಿದ ಮೇಲೆ ನನಗೆ ಬಿಡಲು ಮನಸ್ಸು ಬರಲಿಲ್ಲ. ಸಾಲ ಮಾಡಿ ರಿಕವರಿ ಮಷೀನ್ ತಂದೆ.

ಮಷೀನ್ ಹಳೆಯ ಗ್ಯಾಸನ್ನು ಎಳೆದು ಬೇರೆ ಸಿಲಿಂಡರಿಗೆ ತುಂಬುತ್ತದೆ. ಎಷ್ಟು ಗ್ರಾಂ ಬಂತು ಎಂದೂ ತೋರಿಸುತ್ತದೆ. ಇದರಿಂದ ಗಿರಾಕಿಗೂ ಲಾಭ. 400 ಇರಬೇಕಾದಲ್ಲಿ 380 ಬಂದರೆ ಗ್ಯಾಸಿನ ದೋಷ ಅಲ್ಲ, ಬೇರೆ ಕಡೆ ಹುಡುಕಬೇಕು ಎಂದು ಅಲ್ಲೇ ಗೊತ್ತಾಗುತ್ತದೆ. ರಿಕವರಿ ಸಿಲಿಂಡರನ್ನು 80 ಶೇಕಡಾಕ್ಕಿಂತ ಜಾಸ್ತಿ ತುಂಬಬಾರದು. ಬಿಸಿಗೆ ದ್ರವ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಸಿಲಿಂಡರ್ ಸಿಡಿಯುತ್ತದೆ. ಬಿಸಾಡುವ ಜಾತಿಯ ತೆಳು ಸಿಲಿಂಡರಿಗೆ ಮತ್ತೆ ಗ್ಯಾಸ್ ತುಂಬಲೇಬಾರದು.

2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಈ ಜಾತಿಯ ಗ್ಯಾಸ್‌ಗಳನ್ನು ಕಡಿಮೆ ಮಾಡುವ ಒಪ್ಪಂದ ಆಯಿತು. ಭಾರತ 2021ರಲ್ಲಿ ಒಪ್ಪಿಕೊಂಡಿತು. ನಮ್ಮಲ್ಲಿ ಕಡಿತ 2032ರಿಂದ ಶುರು, 2047ಕ್ಕೆ 85 ಶೇಕಡಾ ಇಳಿಯಬೇಕು. ಈಗ ಕಲಿಯುತ್ತಿರುವ ಹುಡುಗರ ಕೆಲಸದ ಕಾಲವೆಲ್ಲ ಇದರೊಳಗೇ ಬರುತ್ತದೆ. ರಿಕವರಿ ಈಗಲೇ ಕೈಗೆ ಹತ್ತಿದರೆ ಒಳ್ಳೆಯದು.

ಒಬ್ಬರು ಅರ್ಧ ರೇಟಿಗೆ ಗ್ಯಾಸ್ ಹಾಕುತ್ತೇನೆ ಅಂದಿದ್ದಾರೆ. ಹಾಕಿಸಲಾ?

ಏನು ಹಾಕುತ್ತಾರೆ ಎಂದು ಮೊದಲು ಕೇಳಿ. ಅಗ್ಗದ ಗ್ಯಾಸ್ ಎಷ್ಟೋ ಸಲ ಪ್ರೊಪೇನ್, ಬ್ಯುಟೇನ್ ಬೆರೆಸಿದ್ದು, ಅಂದರೆ ಅಡುಗೆ ಗ್ಯಾಸಿನ ಅಣ್ಣತಮ್ಮ. ತಂಪು ಚೆನ್ನಾಗಿಯೇ ಬರುತ್ತದೆ, ಅದೇ ಮೋಸ. ಆದರೆ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನೊಳಗೆ. ಅಲ್ಲಿ ಲೀಕ್ ಆದರೆ ಬೆಂಕಿ ಹಿಡಿಯುವ ಗ್ಯಾಸ್ ನೀವು, ಮಕ್ಕಳು ಕೂತ ಜಾಗಕ್ಕೇ ಬರುತ್ತದೆ. ಮನೆಯ ಫ್ರಿಜ್ಜಿನಲ್ಲೂ ಇಂಥ ಗ್ಯಾಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಫ್ರಿಜ್ಜಿನಲ್ಲಿ ಇರುವುದು ಬಹಳ ಸ್ವಲ್ಪ, ಫ್ರಿಜ್ಜನ್ನು ಅದಕ್ಕೆಂದೇ ಮಾಡಿರುತ್ತಾರೆ. ನಿಮ್ಮ ಕಾರನ್ನು ಹಾಗೆ ಮಾಡಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. 134ಎ ಎಂದು ಲೇಬಲ್ ಹಚ್ಚಿ ಆರ್-40, ಅಂದರೆ ಮೀಥೈಲ್ ಕ್ಲೋರೈಡ್ ಬೆರೆಸಿ ಮಾರಿದ್ದುಂಟು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗಿನ ತಂಪು ಕಂಟೇನರುಗಳು ಹೀಗೇ ಸಿಡಿದು ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಕೆಲಸಗಾರರು ಸತ್ತರು. ಕಾರಿನ ಎಸಿಯಲ್ಲೂ ಇರುವುದು ಅಲ್ಯೂಮಿನಿಯಮ್ಮೇ.

ಒಮ್ಮೆ ಸೊಲ್ಲಾಪುರ ರೂಟಿನ ಟೂರಿಸ್ಟ್ ಗಾಡಿ ಬಂತು. ಡ್ರೈವರ್ ಇಂಡಿ ತಾಲೂಕಿನವರು. "ಅಣ್ಣಾ, ಹೋದ ವಾರಷ್ಟೇ ಗ್ಯಾಸ್ ಹಾಕಿಸೀನಿ, ಈಗ ಕಾರಿನ್ಯಾಗ ಒಂಥರಾ ವಾಸನಿ ಬರಾಕತ್ತೈತಿ" ಅಂದರು. ನನ್ನ ಗ್ಯಾಸ್ ತೋರಿಸುವ ಮಷೀನ್ ಹಚ್ಚಿದೆ. ಹೈಡ್ರೋಕಾರ್ಬನ್, ಅಂದರೆ ಪ್ರೊಪೇನ್, ಬ್ಯುಟೇನ್ ಜಾತಿಯದು ಎಂದು ಕೆಂಪು ದೀಪ. ಅವರ ಜೇಬಿನಲ್ಲಿ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ. ಮೊದಲು ಅದನ್ನು ತೆಗೆಸಿ ದೂರ ಇಡಿಸಿದೆ, ನಾಲ್ಕೂ ಬಾಗಿಲು ತೆಗೆದು ಗಾಡಿಯನ್ನು ಬಯಲಿಗೆ ತಳ್ಳಿಸಿದೆ. ಸ್ಟಾರ್ಟ್ ಮಾಡಲು ಬಿಡಲಿಲ್ಲ. ಆ ಕಡ್ಡಿಪೆಟ್ಟಿಗೆ ನೆನಪಾದರೆ ಈಗಲೂ ಮೈ ಜುಂ ಅನ್ನುತ್ತದೆ.

ಲೀಕ್ ಹುಡುಕುವುದು ಹೇಗೆ?

ಮೊದಲು ಕಣ್ಣು. ಜಾಯಿಂಟಿನ ಸುತ್ತ ಎಣ್ಣೆ ಹತ್ತಿ, ಅದರ ಮೇಲೆ ಧೂಳು ಕೂತು ಕಪ್ಪಾಗಿದ್ದರೆ ಲೀಕ್ ಅಲ್ಲೇ. ಆಮೇಲೆ ಸೋಪಿನ ನೊರೆ, ಎಲೆಕ್ಟ್ರಾನಿಕ್ ಡಿಟೆಕ್ಟರ್, ನೀಲಿ ಬೆಳಕಿಗೆ ಹೊಳೆಯುವ ಬಣ್ಣ. ಗ್ಯಾಸ್ ಭಾರವಾದ್ದರಿಂದ ಡಿಟೆಕ್ಟರನ್ನು ಪೈಪಿನ ಕೆಳಬದಿಯಲ್ಲಿ ಮೆಲ್ಲಗೆ ಎಳೆಯಬೇಕು.

ಪೈಪು ಖಾಲಿಯಾಗಿದ್ದರೆ ಒಣ ನೈಟ್ರೋಜನ್ ತುಂಬಿ ನೋಡಬೇಕು, ಅದೂ ರೆಗ್ಯುಲೇಟರ್ ಹಚ್ಚಿ. ತುಂಬಿದ ನೈಟ್ರೋಜನ್ ಸಿಲಿಂಡರಿನಲ್ಲಿ 2000 ಪಿಎಸ್‌ಐಗಿಂತ ಜಾಸ್ತಿ ಒತ್ತಡ ಇರುತ್ತದೆ, ನೇರ ಜೋಡಿಸಿದರೆ ಕಾಯಿಲ್ ಹರಿದುಹೋಗುತ್ತದೆ. ಟೈರಿಗೆ ಹಿಡಿಯುವ ಗಾಳಿ ಬೇಡ. ಅದರಲ್ಲಿ ತೇವ ಇದೆ, ಮತ್ತು 134ಎ ಒತ್ತಡದಲ್ಲಿ ಗಾಳಿಯ ಜೊತೆ ಬೆರೆತರೆ ಹೊತ್ತಿಕೊಳ್ಳಬಹುದು. ವೆಲ್ಡಿಂಗ್ ಆಕ್ಸಿಜನ್ ಅಂತೂ ಎಂದೆಂದಿಗೂ ಬೇಡ. ಎಣ್ಣೆ ಇರುವ ಪೈಪಿಗೆ ಒತ್ತಡದ ಆಕ್ಸಿಜನ್ ಹೋದರೆ ಅದು ಬಾಂಬೇ.

ಲೀಕ್ ನಿಲ್ಲಿಸುವ ಡಬ್ಬಿ ಸಿಗುತ್ತದಲ್ಲ, ಅದು ಸಾಕಾ?

ನಾನು ಹಾಕುವುದಿಲ್ಲ. ಅದು ವಾಲ್ವಿನಲ್ಲೂ, ರಿಕವರಿ ಮಷೀನಿನಲ್ಲೂ ಗಟ್ಟಿಯಾಗಿ ಕೂರುತ್ತದೆ. ಮೊದಲೇ ಹಾಕಿಸಿದ್ದರೆ ಮೆಕ್ಯಾನಿಕ್‌ಗೆ ಹೇಳಿಬಿಡಿ.

ವ್ಯಾಕ್ಯೂಮ್ ಮಾಡಲು ಅಷ್ಟು ಹೊತ್ತು ಯಾಕೆ?

ವ್ಯಾಕ್ಯೂಮ್ ಮಾಡುವುದು ಅಂದರೆ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿಯನ್ನು ಎಳೆದು ತೆಗೆಯುವುದು. ಪೈಪು ಬಿಚ್ಚಿದಾಗ ಒಳಗೆ ಗಾಳಿ, ತೇವ ಸೇರುತ್ತದೆ. ಜುಲೈ ತಿಂಗಳ ಮುಂಬೈ ಗಾಳಿ ಅಂದರೆ ಅರ್ಧ ನೀರೇ. ಆ ತೇವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಐಸ್ ಆಗಿ ದಾರಿ ಮುಚ್ಚುತ್ತದೆ. ಹತ್ತು ನಿಮಿಷ ತಂಪು, ಆಮೇಲೆ ಬಿಸಿ, ಮತ್ತೆ ತಂಪು. ಜೊತೆಗೆ ಆ ತೇವ ಎಣ್ಣೆ, ಗ್ಯಾಸಿನ ಜೊತೆ ಸೇರಿ ಆ್ಯಸಿಡ್ ಆಗಿ ಒಳಗಿನಿಂದ ತಿನ್ನುತ್ತದೆ.

ವ್ಯಾಕ್ಯೂಮ್ ಪಂಪ್ ಒಳಗಿನ ನೀರನ್ನು ಕುದಿಸಿ ಹೊರಗೆ ತೆಗೆಯುತ್ತದೆ. ಒತ್ತಡ ಇಳಿಸಿದರೆ ನೀರು 100 ಡಿಗ್ರಿ ತನಕ ಕಾಯಬೇಕಿಲ್ಲ. ನಮ್ಮ 30 ಡಿಗ್ರಿ ಬಿಸಿಯಲ್ಲೇ ಕುದಿಯಬೇಕಾದರೆ ಒತ್ತಡ ಹೊರಗಿನ ಗಾಳಿಯ ಸುಮಾರು 4 ಶೇಕಡಾಕ್ಕಿಂತ ಕೆಳಗೆ ಇಳಿಯಬೇಕು. ಇಳಿದ ಮೇಲೂ ಮೂಲೆಯ ನೀರು ಆವಿಯಾಗಲು ಹೊತ್ತು ಬೇಕು. ಕನಿಷ್ಠ ಅರ್ಧ ಗಂಟೆ ನಾನು ಓಡಿಸುತ್ತೇನೆ, ಮಳೆಗಾಲದಲ್ಲಿ ಮುಕ್ಕಾಲು. ಆಮೇಲೆ ಪಂಪ್ ಬಂದ್ ಮಾಡಿ ಹತ್ತು ನಿಮಿಷ ಗೇಜ್ ನೋಡುತ್ತಾ ಕೂರಬೇಕು. ಮುಳ್ಳು ಮೇಲೆ ಬಂದರೆ ಲೀಕೋ ತೇವವೋ ಇನ್ನೂ ಇದೆ. ದಯವಿಟ್ಟು ಆ ಹತ್ತು ನಿಮಿಷ ಅವಸರ ಮಾಡಬೇಡಿ. ಒಂದು ಚಹಾ ಕುಡಿದು ಬನ್ನಿ.

ಗೇಜ್ ನೋಡಿ ಗ್ಯಾಸ್ ಸಾಕಷ್ಟಿದೆ ಅನ್ನುತ್ತಾರೆ. ನಂಬಬಹುದಾ?

ಎಸಿ ಬಂದ್ ಇದ್ದಾಗ ನೋಡಿದ ಗೇಜನ್ನು ನಂಬಬೇಡಿ. 30 ಡಿಗ್ರಿ ಬಿಸಿಯಲ್ಲಿ 134ಎ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ ತೊಟ್ಟು ದ್ರವ ಇದ್ದರೂ ಅಷ್ಟೇ, ತುಂಬಾ ಇದ್ದರೂ ಅಷ್ಟೇ. ಅಡುಗೆ ಸಿಲಿಂಡರ್ ಖಾಲಿಯಾಗುವ ತನಕ ಒಲೆ ಒಂದೇ ಸಮ ಉರಿಯುವುದಿಲ್ಲವಾ, ಹಾಗೆ. ಸರಿಯಾದ ದಾರಿ ತೂಕ ಮಾತ್ರ. ಹಳೆಯದನ್ನೆಲ್ಲ ತೆಗೆದು, ವ್ಯಾಕ್ಯೂಮ್ ಮಾಡಿ, ಡಿಜಿಟಲ್ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ಹಾಕಬೇಕು. ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಹಿಂದಿನ ಸೀಟಿಗೂ ಕಾಯಿಲ್ ಇರುವ ದೊಡ್ಡ ಗಾಡಿಗೆ ಅದಕ್ಕಿಂತ ಜಾಸ್ತಿ. "ಇನ್ನು ಸ್ವಲ್ಪ ಹಾಕಿ, ಜಾಸ್ತಿ ತಂಪಾಗಲಿ" ಅನ್ನುವವರಿಗೆ ನಾನು ಹಾಕುವುದಿಲ್ಲ. ಜಾಸ್ತಿಯಾದರೆ ತಂಪು ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ, ಕಂಪ್ರೆಸರಿಗೆ ಪೆಟ್ಟು.

ಗ್ಯಾಸಿನ ಡಬ್ಬಿ ತರಿಸಿ ನಾನೇ ಮನೆಯಲ್ಲಿ ಹಾಕಿಕೊಳ್ಳಬಹುದಾ?

ಬೇಡ ಅಂತಲೇ ನನ್ನ ಮಾತು. ತೂಕ ಇಲ್ಲ, ವ್ಯಾಕ್ಯೂಮ್ ಇಲ್ಲ, ಲೀಕ್ ಎಲ್ಲಿದೆ ಗೊತ್ತಿಲ್ಲ. ಆದರೂ ಮಾಡುವವರಿದ್ದಾರೆ, ಅವರ ಜೀವ ಉಳಿಯಲಿ ಎಂದು ಒಂದು ವಿಷಯ ಹೇಳುತ್ತೇನೆ. ಎಸಿ ಓಡುತ್ತಿರುವಾಗ ಹೈ ಸೈಡ್ ವಾಲ್ವನ್ನು, ಅಂದರೆ ಕೆಂಪು ಗೇಜಿನದನ್ನು ಯಾವತ್ತೂ ತೆಗೆಯಬೇಡಿ. ಬಿಸಿಲಿನಲ್ಲಿ ಅಲ್ಲಿ 200ರಿಂದ 250 ಪಿಎಸ್‌ಐ ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಒತ್ತಡ ತಿರುಗಿ ನಿಮ್ಮ ಕೈಯಲ್ಲಿರುವ ಡಬ್ಬಿಗೇ ನುಗ್ಗಿ ಡಬ್ಬಿ ಸಿಡಿಯುತ್ತದೆ. ಡಬ್ಬಿ ತಲೆಕೆಳಗು ಹಿಡಿದರೆ ದ್ರವ ಕಂಪ್ರೆಸರಿಗೆ ಹೋಗಿ ಅದನ್ನು ಮುರಿಯುತ್ತದೆ. ಡಬ್ಬಿಯನ್ನು ಕುದಿಯುವ ನೀರಿನಲ್ಲಿ ಇಡುವುದು, ಮೇ ತಿಂಗಳಲ್ಲಿ ಡಿಕ್ಕಿಯಲ್ಲಿ ಬಿಟ್ಟು ಹೋಗುವುದು, ಎರಡೂ ಬೇಡ. 50 ಡಿಗ್ರಿ ದಾಟಬಾರದು.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗೂ ಇದೇ ಕೆಲಸವಾ?

ಗ್ಯಾಸ್ ಅದೇ ಇರಬಹುದು, ಕೆಲಸ ಬೇರೆ. ಅಲ್ಲಿ ಸಾಮಾನ್ಯವಾಗಿ ಕಂಪ್ರೆಸರನ್ನು ಬೆಲ್ಟ್ ತಿರುಗಿಸುವುದಿಲ್ಲ, ನೂರಾರು ವೋಲ್ಟ್ ಕರೆಂಟ್ ತಿರುಗಿಸುತ್ತದೆ. ಮೋಟಾರ್ ಸುರುಳಿ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಕರೆಂಟ್ ಹರಿಯಲು ಬಿಡದ ಪಿಒಇ ಎಣ್ಣೆ ಬೇಕು. ಸಾಮಾನ್ಯ ಕಾರಿನ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಕರೆಂಟ್ ಲೀಕ್ ಆಗುತ್ತದೆ, ಗಾಡಿ ನಿಂತುಬಿಡಬಹುದು. ಹಾಗಾಗಿ ಬೇರೆ ಗಾಡಿಗೆ ಹಚ್ಚಿದ ಪೈಪನ್ನೇ ತೊಳೆಯದೆ ಇದಕ್ಕೆ ಹಚ್ಚಬಾರದು. ಕಿತ್ತಳೆ ಬಣ್ಣದ ವೈರು, ಅಂದರೆ ಆ ನೂರಾರು ವೋಲ್ಟಿನದು ಕಂಡರೆ, ಆ ತರಬೇತಿ ಇಲ್ಲದವರು ಕೈ ಹಿಂದಕ್ಕೆ ತೆಗೆಯಿರಿ. ನಾನೂ ತರಬೇತಿ ಮುಗಿಸುವ ತನಕ ಇಂಥ ಗಾಡಿಗಳನ್ನು ವಾಪಸ್ ಕಳಿಸುತ್ತಿದ್ದೆ.

ಮಳೆ ನೀರಿನಲ್ಲಿ ಗಾಡಿ ಮುಳುಗಿತ್ತು. ಎಸಿ ಹಾಕಿ ನೋಡಬಹುದಾ?

ಹಾಕಬೇಡಿ, ಸ್ಟಾರ್ಟೇ ಮಾಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನಾನಾಗ ಹೊಸಬ. ಆಮೇಲೆ ತಿಂಗಳುಗಟ್ಟಲೆ ಬ್ಲೋವರ್ ಮೋಟಾರಿನಿಂದ ಕೆಸರು ತೆಗೆದದ್ದೇ ಕೆಲಸ. ಗ್ಯಾಸಿನ ಪೈಪು ಮುಚ್ಚಿದ್ದರೆ ನೀರು ಒಳಗೆ ಹೋಗಿರುವುದಿಲ್ಲ. ಆದರೆ ಬ್ಲೋವರ್, ಕ್ಲಚ್, ವೈರಿಂಗ್ ಒಣಗಿಸಿ ನೋಡಿದ ಮೇಲೆಯೇ ಎಸಿ ಹಾಕಬೇಕು.

ಎಸಿ ಹಾಕಿದಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಗ್ಯಾಸ್ ಲೀಕಾ?

ಅಲ್ಲ, ಅದು ಗಾಳಿಯಲ್ಲಿದ್ದ ತೇವ. ತೊಟ್ಟಿಕ್ಕದೆ ಕಾಲ ಕೆಳಗಿನ ಮ್ಯಾಟ್ ಒದ್ದೆಯಾದರೆ ಡ್ರೈನ್ ಪೈಪು ಕಟ್ಟಿಕೊಂಡಿದೆ.

ರಾತ್ರಿ ಏರ್‌ಪೋರ್ಟಿನಲ್ಲಿ ಕಾಯುವಾಗ ಎಸಿ ಹಾಕಿ ಕಾರಿನಲ್ಲೇ ಮಲಗುತ್ತೇವೆ. ಗ್ಯಾಸ್ ಲೀಕ್ ಆದರೆ?

ಇಲ್ಲಿ ನನಗೆ ಭಯ ಎಸಿ ಗ್ಯಾಸಿನದಲ್ಲ, ಸೈಲೆನ್ಸರ್ ಹೊಗೆಯದು. ನಿಂತ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಮುಚ್ಚಿದ ಪಾರ್ಕಿಂಗಿನಲ್ಲಿ, ಗೋಡೆಗೆ ಹಿಂಬದಿ ತಾಗಿಸಿ, ನಿಂತ ನೀರಿನಲ್ಲಿ ಸೈಲೆನ್ಸರ್ ಮುಳುಗಿದಾಗ ಜಾಸ್ತಿ ಅಪಾಯ. ಅಣ್ಣತಮ್ಮಂದಿರೇ, ಇಂಜಿನ್ ಬಂದ್ ಮಾಡಿ, ಗಾಜು ಇಳಿಸಿ ಮಲಗಿ. ಸೊಳ್ಳೆ ಕಚ್ಚಿದರೆ ಪರದೆ ಕಟ್ಟಿಕೊಳ್ಳಿ.

ಊರಿನಿಂದ ಹುಡುಗನನ್ನು ಈ ಕೆಲಸ ಕಲಿಯಲು ಕಳಿಸಬಹುದಾ?

ಕಳಿಸಿ, ಒಳ್ಳೆಯ ಕೆಲಸ. ಆದರೆ ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಎಸಿ ಕೋರ್ಸ್ ಎರಡು ವರ್ಷದ್ದಿದೆ, ಅದನ್ನು ಮುಗಿಸಿ ಬರಲಿ. ಸೇರಿಸುವ ಮೊದಲು ಗ್ಯಾರೇಜಿಗೆ ಒಮ್ಮೆ ನೀವೇ ಹೋಗಿ ನೋಡಿ. ಕನ್ನಡಕ, ಕೈಗವಸು ಮೊಳೆಗೆ ನೇತು ಹಾಕಿ ಧೂಳು ಹಿಡಿದಿದೆಯೋ, ಹುಡುಗರ ಮುಖದ ಮೇಲೆ ಇದೆಯೋ ನೋಡಿ. ಕೈ ತೊಳೆಯುವ ನಲ್ಲಿ ಹತ್ತಿರ ಇದೆಯಾ ಕೇಳಿ. ಹಳೆಯ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. "ಹೊರಗೆ ಬಿಡುತ್ತೇವೆ" ಅಂದರೆ ಮುಂದಿನ ಗ್ಯಾರೇಜಿಗೆ ಹೋಗಿ.